ಬಸ್ಸಿನ ಮುಂದಿನ ಅರ್ಧ

ಕೆಲವರಿಗೆ ಹಳೆಯ ಹಾಡು ಕೇಳಿದರೆ ಕಣ್ಣು ತುಂಬಿ ಬರುತ್ತದೆ, ಕೆಲವರಿಗೆ ಓದಿದ ಸ್ಕೂಲಿನ ಮುಂದೆ ಹಾದರೆ ಗಂಟಲು ಕಟ್ಟುತ್ತದೆ. ನನಗೆ ಇದು ಯಾವುದೂ ಆಗುವುದಿಲ್ಲ. ಹಳೆಯ ಕೆಂಪು ಸಿಟಿ ಬಸ್ಸು ನೆನಪಾದರೆ ಮಾತ್ರ ಮೈಯೆಲ್ಲಾ ಚುರುಕಾಗುತ್ತದೆ. ಗೇರು ಬದಲಾಯಿಸುವಾಗ ಅದು ಮಾಡುತ್ತಿದ್ದ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಬಲ್ಲೆ. ಕೇಳುವವರಿದ್ದರೆ ಎರಡು ಸಲ ತೋರಿಸುತ್ತೇನೆ. ಕೆಲಸದಿಂದ ನಿವೃತ್ತಿಯಾದ ಮೇಲೆ ಈ ಗೀಳು ಬಾಯಿಂದ ಕೈಗೆ ಇಳಿಯಿತು. ಈಗ ಜೆ.ಪಿ. ನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾನು ಬಸ್ಸು ಕಟ್ಟುತ್ತೇನೆ. ಆಟಿಕೆ ಎನ್ನಬೇಡಿ. ನಿಜವಾದ ಬಸ್ಸಿನ ಇಪ್ಪತ್ನಾಲ್ಕನೇ ಒಂದು ಪಾಲು, ಪ್ರತಿ ಕಿಟಕಿ, ಪ್ರತಿ ಕಂಬಿ ಅಳತೆಗೆ ಸರಿಯಾಗಿ. ಆಟಿಕೆ ಎಂದವರ ಜೊತೆ ನಾನು ಮಾತು ಬಿಡುತ್ತೇನೆ. ನನ್ನ ಹೆಂಡತಿ ವಿಜಯಾ ಅದನ್ನು ಆಟಿಕೆ ಎಂದೇ ಕರೆಯುತ್ತಾಳೆ. ಅವಳ ಜೊತೆ ಮಾತು ಬಿಡಲು ಆಗುವುದಿಲ್ಲ, ಕಾಫಿ ಡಿಕಾಕ್ಷನ್ ಅವಳ ಕೈಯಲ್ಲಿದೆ.

ಈ ಕೆಲಸಕ್ಕೆ ಬೇಕಾದ ಸಾಮಾನು ಅಂಗಡಿಯಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ ಮನೆಯಲ್ಲೇ ಸಿಗುತ್ತದೆ. ಮೈಕಟ್ಟಿಗೆ ಬೇಕಾದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಸ್ಟೇಷನರಿ ಅಂಗಡಿಯಿಂದ ತಂದೆ. ನಿಂತವರು ಹಿಡಿದುಕೊಳ್ಳುವ ಕಂಬಿಗೆ ತೆಂಗಿನ ಪೊರಕೆಯ ಕಡ್ಡಿ. ಕಿಟಕಿಯ ಗಾಜಿಗೆ ವಿಜಯಾಳ ಮಂಡಿನೋವಿನ ಹಳೆಯ ಎಕ್ಸ್‌ರೇ; ಉಜ್ಜಿ ಉಜ್ಜಿ ತೊಳೆದರೆ ಗಾಜಿನಂತೆ ತಿಳಿಯಾಗುತ್ತದೆ, ಆದರೆ ಎಡಗಡೆಯ ಒಂದು ಕಿಟಕಿಯನ್ನು ಬೆಳಕಿಗೆ ಹಿಡಿದರೆ ಅವಳ ಮಂಡಿಚಿಪ್ಪಿನ ಅಂಚು ಈಗಲೂ ಕಾಣುತ್ತದೆ. ಚಕ್ರಗಳಿಗೆ ಕೊಬ್ಬರಿ ಎಣ್ಣೆ ಬಾಟಲಿಯ ಮುಚ್ಚಳವೇ ಸರಿಯಾದ ಅಳತೆ. ಹಿಂದೆ ಜೋಡಿ ಚಕ್ರವಾದ್ದರಿಂದ ಆರು ಮುಚ್ಚಳ ಬೇಕು. ಬಾಟಲಿಗಳು ಬೇಗ ಖಾಲಿಯಾಗಲಿ ಎಂದು ನಾನು ದಿನವೂ ತಲೆಗೆ ಎಣ್ಣೆ ಹಚ್ಚಿಕೊಂಡೆ. ತಲೆಯಲ್ಲಿ ಕೂದಲು ಅಷ್ಟಕ್ಕಷ್ಟೇ ಆದ್ದರಿಂದ ಎಣ್ಣೆ ಕರಗಲಿಲ್ಲ, ದಿಂಬಿನ ಚೀಲಗಳು ಮಾತ್ರ ಹಾಳಾದವು.

ಬಣ್ಣದ ಕತೆಯೇ ಬೇರೆ. ಆ ಬಸ್ಸಿನ ಕೆಂಪು ಈಗ ಯಾವ ಪೇಂಟ್ ಅಂಗಡಿಯಲ್ಲೂ ಇಲ್ಲ. ಕುಂಕುಮವೂ ಅಲ್ಲ, ಇಟ್ಟಿಗೆಯೂ ಅಲ್ಲ. ಹುಡುಕಿ ಸುಸ್ತಾಗಿ ಒಂದು ದಿನ ಜಯನಗರ ಫೋರ್ತ್ ಬ್ಲಾಕಿನ ಫ್ಯಾನ್ಸಿ ಅಂಗಡಿಯೊಂದಕ್ಕೆ ನುಗ್ಗಿ ಉಗುರು ಬಣ್ಣ ತೋರಿಸಲು ಹೇಳಿದೆ. "ಮೇಡಂ ಸ್ಕಿನ್ ಟೋನ್ ಹೇಗಿದೆ ಸಾರ್?" ಎಂದು ಅಂಗಡಿಯ ಹುಡುಗಿ ಕೇಳಿದಳು. "ಮೇಡಂಗಲ್ಲಮ್ಮ, ಬಸ್ಸಿಗೆ" ಎಂದೆ. ಅವಳು ನಗಲಿಲ್ಲ. "ಮ್ಯಾಟಾ, ಗ್ಲಾಸಿಯಾ ಸಾರ್? ಮಂಕಾಗಿರ್ಬೇಕಾ, ಹೊಳೀಬೇಕಾ?" ಎಂದಳು. ಎಂಥ ಘನವಾದ ಪ್ರಶ್ನೆ! ನನ್ನ ಸ್ವಂತ ಸ್ನೇಹಿತರು ಯಾರೂ ನನ್ನ ಬಸ್ಸಿನ ಬಗ್ಗೆ ಇಷ್ಟು ಗಂಭೀರವಾಗಿ ಕೇಳಿದ್ದಿಲ್ಲ. ಬಿಸಿಲಲ್ಲಿ ನಿಂತು ನಿಂತು ಮಾಸಿದ ಹಾಗಿರಬೇಕು ಎಂದೆ. ಅವಳು ನನ್ನ ಎಡಗೈ ಎಳೆದುಕೊಂಡು ಒಂದೊಂದು ಉಗುರಿಗೆ ಒಂದೊಂದು ಕೆಂಪು ಹಚ್ಚಿದಳು. ಉಂಗುರದ ಬೆರಳಿನಲ್ಲಿ ನನ್ನ ಬಸ್ಸು ಸಿಕ್ಕಿತು. ಆ ಖುಷಿಯಲ್ಲಿ ಕೈ ಒರೆಸಿಕೊಳ್ಳುವುದನ್ನು ಮರೆತು ಮೆಟ್ರೋ ಹತ್ತಿ, ಮೇಲಿನ ಹಿಡಿಕೆ ಹಿಡಿದು ನಿಂತೆ. ಎದುರಿಗೆ ಕೂತಿದ್ದ ಯುವಕ ನನ್ನ ಬೆರಳುಗಳನ್ನು ಒಮ್ಮೆ, ಮುಖವನ್ನು ಒಮ್ಮೆ ನೋಡಿ, "ಅಂಕಲ್, ನೀವು ಕೂತ್ಕೊಳ್ಳಿ" ಎಂದು ತಟಕ್ಕನೆ ಎದ್ದು ಇನ್ನೊಂದು ಬೋಗಿಗೇ ಹೋಗಿಬಿಟ್ಟ.

ಇಷ್ಟೆಲ್ಲಾ ಕಟ್ಟುತ್ತಿದ್ದದ್ದು ಯಾವುದೋ ಒಂದು ಬಸ್ಸನ್ನಲ್ಲ, ನನ್ನ ಬಸ್ಸನ್ನು. ಜಯನಗರದಿಂದ ಮೆಜೆಸ್ಟಿಕ್‌ಗೆ ಬೆಳಿಗ್ಗೆ ಹೊರಡುತ್ತಿದ್ದ ಗಾಡಿ. ಅದರಲ್ಲಿ ನಾನು ಕಾಲೇಜಿಗೆ ಹೋಗಿದ್ದೇನೆ ಎಂದರೆ ಸರಿಯಾಗುವುದಿಲ್ಲ, ಅದಕ್ಕೆ ಜೋತುಬಿದ್ದು ಹೋಗಿದ್ದೇನೆ. ಹಿಂದಿನ ಬಾಗಿಲಿನ ಫುಟ್‌ಬೋರ್ಡು ನನ್ನ ಜಾಗ. ಒಮ್ಮೆ ಸೌತ್ ಎಂಡ್ ಸರ್ಕಲ್ಲಿನಲ್ಲಿ ಏನೋ ಕಾರಣಕ್ಕೆ ಕೆಳಗಿಳಿದೆ, ಅಷ್ಟರಲ್ಲಿ ಬಸ್ಸು ಹೊರಟಿತು. ಓಡುವ ಬಸ್ಸನ್ನು ಓಡಿಯೇ ಹಿಡಿದೆ. ಡ್ರೈವರ್ ನನಗೋಸ್ಕರ ವೇಗ ತಗ್ಗಿಸಿದ. ಆ ರೂಟಿನಲ್ಲಿ ನನ್ನ ಗತ್ತು ಹಾಗಿತ್ತು. ಈ ಕತೆಯನ್ನು ಮಗಳಿಗೆ, ಅಳಿಯನಿಗೆ, ಬೀಗರಿಗೆ ಎಲ್ಲರಿಗೂ ಹೇಳಿದ್ದೇನೆ. ಕತೆ ಶುರುವಾದ ಕೂಡಲೇ ವಿಜಯಾ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಕೇಳಿ ಕೇಳಿ ಬೇಸರವಾಗಿರಬೇಕು ಎಂದುಕೊಂಡಿದ್ದೆ.

ನವರಾತ್ರಿ ಹತ್ತಿರ ಬಂದಾಗ ನಿಜವಾದ ತೊಂದರೆ ಶುರುವಾಯಿತು. ನಮ್ಮ ಮನೆಯಲ್ಲಿ ಬೊಂಬೆ ಕೂರಿಸುವ ಪದ್ಧತಿ ಇದೆ. ಪಟ್ಟದ ಗೊಂಬೆಗಳು ವಿಜಯಾಳ ತವರಿನಿಂದ ಬಂದವು, ಮೆಟ್ಟಿಲುಗಳು ಏಳುವುದು ಊಟದ ಮೇಜಿನ ಮೇಲೆ, ಮತ್ತು ಊಟದ ಮೇಜು ಆಗಲೇ ನನ್ನ ಬಸ್ಸಿನ ಕಾರ್ಖಾನೆಯಾಗಿತ್ತು. ವಿಜಯಾ ಸೊಂಟದ ಮೇಲೆ ಕೈಯಿಟ್ಟು ನಿಂತು ಆಜ್ಞೆ ಹೊರಡಿಸಿದಳು. "ರೀ, ಪಾಡ್ಯಕ್ಕೆ ನನಗೆ ಮೇಜು ಬೇಕು. ಬಸ್ಸು ಪೂರ್ತಿ ಆಗಿದ್ರೆ ಕೆಳಗಿನ ಮೆಟ್ಟಿಲು ನಿಮ್ದು. ಅರ್ಧಂಬರ್ಧ ಇದ್ರೆ ಅಟ್ಟಕ್ಕೆ." ನಮ್ಮ ಮನೆಯಲ್ಲಿ ಅಟ್ಟಕ್ಕೆ ಹೋದ ವಸ್ತು ಮತ್ತೆ ಕೆಳಗೆ ಬಂದ ಇತಿಹಾಸವಿಲ್ಲ. ನನ್ನ ಹಾರ್ಮೋನಿಯಂ ಅಲ್ಲಿದೆ, ನನ್ನ ವ್ಯಾಯಾಮದ ಸೈಕಲ್ಲೂ ಅಲ್ಲಿದೆ. ಜೊತೆಗೆ, ಪಾರ್ಕಿನಲ್ಲಿ ನನ್ನ ಜೊತೆ ನಡೆಯುವ ಬಳಗಕ್ಕೆಲ್ಲ ನಾನು ಆಗಲೇ ಆಹ್ವಾನ ಕೊಟ್ಟಾಗಿತ್ತು. ಒಂದೇ ಒಂದು ತಪ್ಪು ತೋರಿಸಿ ನೋಡೋಣ ಎಂದು ಸವಾಲನ್ನೂ ಹಾಕಿದ್ದೆ.

ಛಾವಣಿ ತೆಗೆದರೆ ಒಳಗೆಲ್ಲ ಕಾಣುವ ಹಾಗೆ ಮಾಡಿದ್ದೆ. ಹಿಂದಿನಿಂದ ಸೀಟು ಜೋಡಿಸುತ್ತಾ ಬಂದೆ. ಕೊನೆಯ ಉದ್ದ ಸೀಟು, ಅದರ ರೆಕ್ಸಿನ್ ಹರಿದು ತೆಂಗಿನ ನಾರು ಇಣುಕುತ್ತಿದ್ದ ಮೂಲೆ, ಬೀಡಿ ಸಿಗರೇಟು ಸೇದಬಾರದೆಂಬ ಬರಹ, ಆ ಬರಹದ ಮೇಲೆ ಯಾರೋ ಕೆತ್ತಿದ್ದ ಹೃದಯ, ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ಕೈ ತಾನಾಗಿ ಓಡುತ್ತಿತ್ತು. ಬಸ್ಸಿನ ನಡುವಿನ ಕಂಬಿಯ ಹತ್ತಿರ ಬಂದಾಗ ಕೈ ನಿಂತುಹೋಯಿತು. ಅಲ್ಲಿಂದ ಮುಂದೆ ಏನಿತ್ತು? ನನಗೆ ಗೊತ್ತಿರಲಿಲ್ಲ. ಆ ಕಾಲದಲ್ಲಿ ಗಂಡಸರಿಗೆ ಹಿಂದಿನ ಬಾಗಿಲು, ಹೆಂಗಸರಿಗೆ ಮುಂದಿನ ಬಾಗಿಲು. ನಡುವೆ ಗೋಡೆ ಇರಲಿಲ್ಲ, ಆದರೂ ಅಷ್ಟೂ ವರ್ಷ ನಾನು ಆ ಕಂಬಿ ದಾಟಿರಲಿಲ್ಲ. ಮುಂದಿನ ಅರ್ಧದ ಬಗ್ಗೆ ನನ್ನ ನೆನಪಿನಲ್ಲಿದ್ದದ್ದು ಜಡೆಗಳು ಮತ್ತು ಕನಕಾಂಬರ, ಅಷ್ಟೇ. ಅದರಿಂದ ಸೀಟು ಮಾಡಲು ಬರುವುದಿಲ್ಲ.

ಬೆಳಿಗ್ಗೆ ಪಾರ್ಕಿನಲ್ಲಿ ವಿಷಯ ಇಟ್ಟೆ. ನನ್ನ ಹಳೆಯ ಸಹಪಾಠಿ ಶ್ರೀಕಂಠ ಹಿಂದಿನ ಬಾಗಿಲಿನ ಬಗ್ಗೆ ಒಂದು ಗಂಟೆ ಮಾತಾಡಬಲ್ಲವನು. ಕಂಡಕ್ಟರ್ ವಿಷಲ್ ಊದುತ್ತಿದ್ದನೋ ಹಗ್ಗದ ಗಂಟೆ ಎಳೆಯುತ್ತಿದ್ದನೋ ಎಂಬುದಕ್ಕೆ ಇನ್ನೊಬ್ಬರ ಜೊತೆ ಜಗಳವಾಡಿ ಒಂದು ವಾರ ಪಾರ್ಕಿಗೆ ಬಾರದವನು. "ಶ್ರೀಕಂಠ, ಮುಂದೆ ಸೀಟು ಹೇಗಿತ್ತೋ?" ಎಂದೆ. ಅವನು ಬಹಳ ಹೊತ್ತು ಆಕಾಶ ನೋಡಿದ. "ಸೀಟು ಯಾರು ನೋಡಿದ್ರೋ" ಎಂದ. ಬಳಗವೆಲ್ಲ ತಲೆದೂಗಿತು. ಅಷ್ಟು ಜನ ಬುದ್ಧಿವಂತರು, ಬ್ಯಾಂಕು ನಡೆಸಿದವರು, ಪಾಠ ಹೇಳಿದವರು, ಎಲ್ಲರೂ ಸೇರಿದರೆ ನಮಗೆ ಗೊತ್ತಿದ್ದದ್ದು ಅರ್ಧ ಬಸ್ಸು. ಮೊಬೈಲಿನಲ್ಲಿ ಹುಡುಕಿದ ಫೋಟೋಗಳೆಲ್ಲ ಹೊರಗಿನವು. ಅಟ್ಟ ನನ್ನನ್ನು ಕೈಬೀಸಿ ಕರೆಯತೊಡಗಿತು.

ಮೇಜಿನ ಇನ್ನೊಂದು ತುದಿಯಲ್ಲಿ ವಿಜಯಾ ಹುರುಳಿಕಾಯಿ ಮುರಿಯುತ್ತಾ ಕೂತಿದ್ದಳು. ಅವಳ ತವರು ಜಯನಗರ ಒಂಬತ್ತನೇ ಬ್ಲಾಕು, ಅವಳೂ ಅದೇ ಬಸ್ಸಿನಲ್ಲಿ ಕಾಲೇಜಿಗೆ ಹೋದವಳು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಗೊತ್ತಿದ್ದೂ ಕೇಳಬೇಕೆಂದು ಅನಿಸಿರಲಿಲ್ಲ. "ವಿಜೀ, ಮುಂದೆ ಏನಿತ್ತೇ?" ಎಂದೆ, ಆದಷ್ಟು ಉದಾಸೀನವಾಗಿ.

ಅವಳು ಬಸ್ಸನ್ನು ತನ್ನ ಕಡೆ ಎಳೆದುಕೊಂಡು ಒಳಗೆ ಬಗ್ಗಿ ನೋಡಿದಳು. ಆಮೇಲೆ ಮುರಿದ ಹುರುಳಿಕಾಯಿ ಚೂರುಗಳನ್ನು ಒಂದೊಂದಾಗಿ ಒಳಗೆ ಇಡುತ್ತಾ ಹೋದಳು. "ಇಲ್ಲಿ ಡ್ರೈವರ್ ಅಣ್ಣ. ಪಕ್ಕದಲ್ಲಿ ಇಂಜಿನ್ನು, ಅದರ ಮೇಲೆ ದೊಡ್ಡ ಬಾನೆಟ್ಟು, ಹಾಸಿಗೆ ಥರ ರೆಕ್ಸಿನ್ ಹೊದಿಸಿದ್ರು. ಚಳಿಗಾಲದಲ್ಲಿ ಅಲ್ಲಿ ಕೂರೋಕೆ ಜಗಳ. ಬೇಸಿಗೇಲಿ ಯಾರೂ ಹತ್ರ ಹೋಗ್ತಿರಲಿಲ್ಲ, ಬರೀ ಊಟದ ಡಬ್ಬಿ ಇಡ್ತಿದ್ವಿ, ಇಳಿಯೋವಾಗ್ಲೂ ಬಿಸಿ ಇರೋದು. ಇಲ್ಲಿ ಅಡ್ಡ ಸೀಟು, ಮೂರು ಜನರದ್ದು, ನಾವು ಐದು ಜನ ಕೂರ್ತಿದ್ವಿ. ದೇವರ ಫೋಟೋ ಇಲ್ಲಿ. ಶುಕ್ರವಾರದ ಹೂವು ನಮ್ಮಲ್ಲಿ ಒಬ್ಬೊಬ್ಬರ ಸರದಿ."

ನಾನು ಕುರ್ಚಿಯಲ್ಲಿ ಕೂರಲಾರದೆ ಎದ್ದು ನಿಂತಿದ್ದೆ. ಇಡೀ ಅರ್ಧ ಬಸ್ಸು ನಮ್ಮ ಮನೆಯಲ್ಲೇ, ಅಡುಗೆಮನೆಗೂ ಹಾಲಿಗೂ ನಡುವೆ ಇಷ್ಟು ವರ್ಷ ಓಡಾಡಿಕೊಂಡಿತ್ತು. "ಇಷ್ಟು ದಿನ ಯಾಕೆ ಹೇಳಲಿಲ್ಲ ನೀನು?" ಎಂದೆ.

"ನೀವೆಲ್ಲಿ ಕೇಳಿದ್ರಿ? ನಿಮ್ಮ ಬಸ್ಸು ಯಾವಾಗ್ಲೂ ಹಿಂದಿನ ಬಾಗಿಲಲ್ಲಿ ಶುರುವಾಗಿ ಅಲ್ಲೇ ಮುಗಿಯೋದು."

ಮಾತು ಚುಚ್ಚಿತು, ಆದರೆ ಚುಚ್ಚಿಸಿಕೊಳ್ಳಲು ಪುರಸೊತ್ತಿರಲಿಲ್ಲ. ಮುಂದಿನ ಕೆಲವು ದಿನ ನಾವಿಬ್ಬರೂ ಸೇರಿ ಕೆಲಸ ಮಾಡಿದೆವು. ಬಾನೆಟ್ಟಿಗೆ ಅವಳ ಹಳೆಯ ಪರ್ಸು ಬಲಿಯಾಯಿತು. ದೇವರ ಫೋಟೋಗೆ ಅವಳೇ ಕೆಂಪು ದಾರದ ಹೂಮಾಲೆ ಕಟ್ಟಿದಳು, ಅನ್ನದ ಅಗುಳಿಗಿಂತ ಚಿಕ್ಕದು. ಸಾರು ಉಕ್ಕಿದ್ದೂ ಗೊತ್ತಾಗದ ಹಾಗೆ ಬಗ್ಗಿ ಕೂತು ಸೀಟು ಅಂಟಿಸಿದಳು. ಆಟಿಕೆ ಎಂಬ ಶಬ್ದ ಅವಳ ಬಾಯಲ್ಲಿ ಬರಲೇ ಇಲ್ಲ. ಪಾಡ್ಯದ ಹಿಂದಿನ ದಿನ ಎಲ್ಲ ಮುಗಿಯಿತೆಂದು ನಾನು ಛಾವಣಿ ಮುಚ್ಚಲು ಹೊರಟೆ.

"ಕನ್ನಡಿ ಎಲ್ರೀ?" ಎಂದಳು.

ಹೊರಗಿನ ಎರಡು ಕನ್ನಡಿ ತೋರಿಸಿದೆ.

"ಅದಲ್ಲ, ಒಳಗಿಂದು. ಡ್ರೈವರ್ ಅಣ್ಣನ ತಲೆ ಮೇಲೆ ಉದ್ದಕ್ಕೆ ಒಂದಿತ್ತು. ಬಾನೆಟ್ ಹತ್ರ ನಿಂತ್ರೆ ಅದರಲ್ಲಿ ನಿಮ್ಮ ಹಿಂದಿನ ಬಾಗಿಲು ಪೂರ್ತಿ ಕಾಣೋದು."

ಹೊಸ ಮಾಹಿತಿ! ರಕ್ತದೊತ್ತಡದ ಮಾತ್ರೆಯ ಹಾಳೆಯಿಂದ ಹೊಳೆಯುವ ತಗಡು ಕತ್ತರಿಸುತ್ತಾ, ಸಂಶೋಧಕನ ಧ್ವನಿಯಲ್ಲಿ, "ಅದರಲ್ಲಿ ಏನೇನು ಕಾಣೋದು?" ಎಂದು ಕೇಳಿದೆ.

"ಏನು ಕಾಣುತ್ತೆ? ನೀವೆಲ್ಲ ಕಾಣ್ತಿದ್ರಿ. ಬಾಚಣಿಗೆ ತೆಗೆದು ತಲೆ ಬಾಚ್ಕೊಳ್ಳೋದು, ಸ್ಟಾಪ್ ಬಂದಾಗ ಒಂದು ಕೈ ಬಿಟ್ಟು ನಿಲ್ಲೋದು. ಮೆಜೆಸ್ಟಿಕ್ ಬರೋವರೆಗೂ ನಮಗೆ ಹೊತ್ತು ಹೋಗ್ತಿದ್ದಿದ್ದೇ ಹಾಗೆ."

ನನ್ನ ಕತ್ತರಿ ನಿಂತಿತು. ನಾವು ಹಿಂದಿನಿಂದ ನೋಡುವವರು, ಅವರು ನೋಡಿಸಿಕೊಳ್ಳುವವರು ಎಂದು ಅಷ್ಟೂ ವರ್ಷ ನಂಬಿದ್ದೆ. "ನಾನೂ ಕಾಣ್ತಿದ್ನಾ?" ಎಂದೆ.

"ನೀವೂ ಕಾಣ್ತಿದ್ರಿ. ಆ ಸೌತ್ ಎಂಡ್ ದಿನ ಬಸ್ಸಲ್ಲಿ ರಶ್ಶೇ ಇರಲಿಲ್ಲ. ಸೀಟು ಖಾಲಿ ಇದ್ರೂ ಜೋತಾಡ್ತಿದ್ರಿ. ತಿರುವಲ್ಲಿ ನಿಮ್ಮ ಹವಾಯಿ ಚಪ್ಪಲಿ ಬಿತ್ತು, ಧುಮುಕಿ ಎತ್ಕೊಂಡ್ರಿ, ಬಾರು ಕಿತ್ತಿತ್ತು. ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ, ಹಿಂದೆ ಓಡಿ ಬರ್ತಿದ್ರಿ. ಡ್ರೈವರ್ ಅಣ್ಣ ನಿಲ್ಸೋ ಹಾಗೆ ಕಾಣಲಿಲ್ಲ. ಪಾಪ, ನಿಧಾನ ಮಾಡಿ ಅಣ್ಣ ಅಂತ ನಾನೇ ಹೇಳಿದ್ದು."

ನನ್ನ ಗತ್ತು, ನನ್ನ ರೂಟು, ನಾನು ಬೀಗರಿಗೆ ಹೇಳಿದ ಕತೆ, ಎಲ್ಲ ಆ ಮಾತ್ರೆ ಹಾಳೆಯ ಚೂರಿನಲ್ಲಿ ಹೊಳೆಯುತ್ತಿತ್ತು. ಕತೆ ಶುರುವಾದಾಗಲೆಲ್ಲ ಅವಳು ಅಡುಗೆಮನೆಗೆ ಹೋಗುತ್ತಿದ್ದದ್ದು ನಗಲು ಎಂದು ಆಗ ಹೊಳೆಯಿತು. "ಹಾಗಾದ್ರೆ ನಾನು ನಿನ್ನ ನೋಡೋಕೆ ನಿಮ್ಮನೆಗೆ ಬಂದಾಗ?" ಎಂದೆ.

"ಬಾಗಿಲಲ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಒಪ್ಕೊಂಡೆ?"

"ನೀವೆಲ್ಲ ಒಳಗೆ ಉಪ್ಪಿಟ್ಟು ತಿಂತಿದ್ರಲ್ಲ, ಆಗ ಹಿತ್ತಲ ಕಡೆಯಿಂದ ಬಂದು, ಹೊರಗೆ ಬಿಟ್ಟಿದ್ದ ನಿಮ್ಮ ಚಪ್ಪಲಿ ಬಾರು ಎಳೆದು ನೋಡಿದೆ. ಗಟ್ಟಿಯಾಗಿತ್ತು. ಒಪ್ಕೊಂಡೆ."

ಪಾಡ್ಯದ ಸಂಜೆ ಬಳಗವೆಲ್ಲ ಹೆಂಡಂದಿರ ಜೊತೆ ಬಂತು. ಗಂಡಸರು ಹಿಂದಿನ ಅರ್ಧ ನೋಡಿ ಚಪ್ಪಾಳೆ ತಟ್ಟಿದರು. ಹೆಂಗಸರು ಮುಂದಿನ ಅರ್ಧ ನೋಡಿ, ಬಾನೆಟ್ ನೋಡಿ, ಕನ್ನಡಿ ನೋಡಿ, ತಮ್ಮತಮ್ಮ ಗಂಡಂದಿರ ಕಡೆ ತಿರುಗಿ ನಕ್ಕರು. ಶ್ರೀಕಂಠ ತಪ್ಪು ಹುಡುಕುವುದನ್ನು ಬಿಟ್ಟು ಉಸಲಿಯ ಪೊಟ್ಟಣ ಬಿಚ್ಚುತ್ತಾ ಮೂಲೆಗೆ ಸರಿದ. ನಾನು ಮಾಡದ ಒಂದು ವಸ್ತುವೂ ಆ ಮೆಟ್ಟಿಲಿನ ಮೇಲಿತ್ತು. ಬಸ್ಸಿನ ಹಿಂದೆ, ಒಂದು ಗೇಣು ದೂರದಲ್ಲಿ, ತಂತಿಗೆ ಬಟ್ಟೆ ಸುತ್ತಿ ವಿಜಯಾ ಮಾಡಿದ ಬೆರಳುದ್ದದ ಮನುಷ್ಯ ಓಡುತ್ತಿದ್ದ, ಎತ್ತಿದ ಕೈಯಲ್ಲಿ ಒಂದು ಚಪ್ಪಲಿ. ಬಂದವರೆಲ್ಲ ಅದು ಯಾರು ಎಂದು ಕೇಳಿದರು, ಅವಳು ಎಲ್ಲರಿಗೂ ಹೇಳಿದಳು, ಮತ್ತೆ ಕೇಳಿದವರಿಗೆ ಎರಡು ಸಲ ಹೇಳಿದಳು. ನನ್ನ ಆಕ್ಷೇಪಣೆ ಒಂದೇ ಇತ್ತು, ಅದನ್ನು ಎಲ್ಲರೂ ಹೋದ ಮೇಲೆ ಹೇಳಿದೆ. ಅಳತೆಯ ಪ್ರಕಾರ ಆ ಚಪ್ಪಲಿ ಕಡಲೆಕಾಳಿನಷ್ಟಿರಬೇಕು, ಅವಳು ಅದನ್ನು ಅವರೆಕಾಯಿಯಷ್ಟು ಮಾಡಿದ್ದಳು.

"ಕನ್ನಡೀಲಿ ನಮಗೆ ಕಂಡಿದ್ದು ಅಷ್ಟೇ ದೊಡ್ಡದು" ಎಂದಳು.