ಕುರುಬರಹಳ್ಳಿಯಲ್ಲಿ ಫಿನ್‌ಲ್ಯಾಂಡಿನ ಕಾಲು ಗಂಟೆ

ತರಬೇತಿಗೆ ಹೋಗಿಬಂದ ಟೀಚರಿಗೆ ಒಂದು ಬಗೆಯ ಜ್ವರ ಬರುತ್ತದೆ, ಲೋಕೋದ್ಧಾರದ ಜ್ವರ. ಸಾಮಾನ್ಯವಾಗಿ ಸೋಮವಾರದ ಪ್ರಾರ್ಥನೆಯ ಹೊತ್ತಿಗೆ ಇಳಿದುಹೋಗುತ್ತದೆ. ನನಗೆ ಈ ಸಲ ಇಳಿಯಲಿಲ್ಲ. ಫಿನ್‌ಲ್ಯಾಂಡಿನಲ್ಲಿ ಪ್ರತಿ ಪಾಠ ಮುಗಿದ ಮೇಲೂ ಮಕ್ಕಳನ್ನು ಕಾಲು ಗಂಟೆ ಆಟಕ್ಕೆ ಬಿಡುತ್ತಾರಂತೆ, ಹಿಮ ಬೀಳುತ್ತಿದ್ದರೂ ಬಿಡುತ್ತಾರಂತೆ, ಹೋಮ್‌ವರ್ಕ್ ಉಪ್ಪಿನಕಾಯಿಯಷ್ಟಂತೆ. ಆದರೂ ಅಲ್ಲಿನ ಸರ್ಕಾರಿ ಶಾಲೆಗಳನ್ನು ನೋಡಲು ಬೇರೆ ದೇಶದವರು ಬರುತ್ತಾರಂತೆ. ಕುರುಬರಹಳ್ಳಿಯಲ್ಲಿ ಹಿಮವಂತೂ ಬೀಳುವುದಿಲ್ಲ, ಇನ್ನೇನು ಅಡ್ಡಿ ಎಂದು ನಮ್ಮ ಸರ್ಕಾರಿ ಶಾಲೆಯ ಮೂರನೇ ಕ್ಲಾಸಿನಲ್ಲಿ ನಾನೂ ಶುರು ಮಾಡಿಯೇಬಿಟ್ಟೆ.

ಅಡ್ಡಿ ಬಂದದ್ದು ಅಪ್ಪ ಅಮ್ಮಂದಿರಿಂದ. ನಮ್ಮ ಕಡೆ ಶಾಲೆಯ ಯೋಗ್ಯತೆ ಅಳೆಯುವುದೇ ಹೋಮ್‌ವರ್ಕಿನಿಂದ. ಮಗು ಅಳುತ್ತಾ ಬರೆದರೆ ಒಳ್ಳೆಯ ಶಾಲೆ, ಬರೆಯುತ್ತಲೇ ನಿದ್ದೆಹೋದರೆ ಇನ್ನೂ ಒಳ್ಳೆಯ ಶಾಲೆ. ನನ್ನ ಕ್ಲಾಸಿನ ಮಕ್ಕಳು ನಗುತ್ತಾ ಮನೆಗೆ ಹೋಗತೊಡಗಿದ್ದೇ ಅನುಮಾನಕ್ಕೆ ಕಾರಣವಾಯಿತು. ಪೋಷಕರ ಸಭೆಯತ್ತ ಎಂದೂ ತಲೆಹಾಕದವರೂ ಬಂದು, ಮಕ್ಕಳ ಪುಟ್ಟ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತರು. ಅವರ ಮುಂದಾಳು ಚೈತ್ರಾಳ ಅಪ್ಪ, ದಿನಸಿ ಅಂಗಡಿಯ ಮಂಜಣ್ಣ.

"ಮಿಸ್, ಮಕ್ಳು ಬರೀ ಆಟ ಆಡ್ತವೆ. ಹಿಂಗೇ ಆದ್ರೆ ಟಿಸಿ ಕೊಟ್ಬಿಡಿ, ಎದುರುಗಡೆ ಕಾನ್ವೆಂಟಿಗೆ ಹಾಕ್ತೀನಿ."

ಹಿಂದೆ ಕೂತವರೆಲ್ಲ ತಲೆಯಾಡಿಸಿದರು. ಒಬ್ಬರು ಹೋದರೆ ಉಳಿದವರೂ ಹೊರಡುತ್ತಾರೆ. ಮಕ್ಕಳು ಕಡಿಮೆಯಾದರೆ ನಾನು ಹೆಚ್ಚುವರಿ ಶಿಕ್ಷಕಿಯೆನಿಸಿಕೊಂಡು ಯಾವುದೋ ಊರಿಗೆ ವರ್ಗವಾಗಬೇಕು. ಹೆದರಿಕೆಯಾದರೆ ನನಗೆ ಮಾತು ಜಾಸ್ತಿ. ಫಿನ್‌ಲ್ಯಾಂಡಿನ ಚಳಿಯಿಂದ ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಮುಕ್ಕಾಲು ಗಂಟೆಯಾಗುವ ಹೊತ್ತಿಗೆ ಕೆಲವರು ಆಕಳಿಸಿದರು, ಕೆಲವರು ಮೊಬೈಲ್ ತೆಗೆದರು, ಒಬ್ಬ ತಾಯಿ ಪಕ್ಕದವರ ಜೊತೆ ಸೀರೆಯ ಮಾತಿಗಿಳಿದರು. ಕೊನೆಗೆ ಮಂಜಣ್ಣನೇ ಕಿರುಬೆರಳು ಎತ್ತಿ ಎದ್ದು ನಿಂತರು.

"ಮಿಸ್, ಒಂದೈದು ನಿಮಿಷ ಆಚೆ ಹೋಗ್ಬರ್ಲಾ? ಕಾಲು ಜೋಮು ಹಿಡೀತು. ನೀವು ಹೇಳಿದ್ದೊಂದೂ ತಲೆಗೆ ಹೋಗ್ತಾ ಇಲ್ಲ."

"ಹೋಗ್ಬನ್ನಿ ಮಂಜಣ್ಣ. ನಿಮ್ಮ ಚೈತ್ರಾಗೂ ಹಿಂಗೇ ಆಗುತ್ತೆ. ಅದಕ್ಕೇ ಆಟಕ್ಕೆ ಬಿಡೋದು."

ಇಡೀ ಕೋಣೆ ನಕ್ಕಿತು, ಎಲ್ಲರಿಗಿಂತ ಜೋರಾಗಿ ಮಂಜಣ್ಣ. "ಟಿಸಿ ಬೇಡ ಬಿಡಿ ಮಿಸ್, ಆಡ್ಕೊಳ್ಲಿ" ಎಂದರು. ಅಂಗಳದಲ್ಲಿ ಆಡುತ್ತಿದ್ದ ಚೈತ್ರಾ, ಆಚೆ ಬಂದ ಅಪ್ಪನ ಕೈ ಎಳೆದು ಕುಂಟೆಬಿಲ್ಲೆಗೆ ನಿಲ್ಲಿಸಿದಳು. ಅವರು ಒಂಟಿಕಾಲಲ್ಲಿ ಕುಪ್ಪಳಿಸಿದ್ದು ಕಂಡು ನನಗೆ ಕುಣಿಯಬೇಕೆನಿಸಿತು. ಗೆದ್ದಿದ್ದೆ!

ಹೊರಡುವಾಗ ಮಂಜಣ್ಣ ಬೆವರೊರೆಸಿಕೊಳ್ಳುತ್ತಾ ಕೇಳಿದರು: "ನಿಮ್ಮ ಮಗನೂ ಇಲ್ಲೇ ಆಡ್ತಾನಲ್ವಾ ಮಿಸ್? ಯಾವ ಕ್ಲಾಸು?"

ಗಂಟೆ ಹೊಡೆಯುವ ನೆಪ ಮಾಡಿಕೊಂಡು ನಾನು ಒಳಗೆ ನಡೆದೆ. ನನ್ನ ಮಗ ಓದುತ್ತಿದ್ದುದು ಅದೇ ಎದುರಿನ ಕಾನ್ವೆಂಟಿನಲ್ಲಿ.

ಆ ಜೂನ್‌ನಲ್ಲಿ ನನ್ನ ಕ್ಲಾಸಿನಿಂದ ಯಾರೂ ಟಿಸಿ ಒಯ್ಯಲಿಲ್ಲ. ಎದುರಿನ ಕಾನ್ವೆಂಟಿನಲ್ಲಿ ಮಾತ್ರ ಒಬ್ಬಳು ತಾಯಿ ಮಗನ ಟಿಸಿ ಕೇಳಿಕೊಂಡು ಆಫೀಸಿನ ಕಿಟಕಿಯ ಮುಂದೆ ನಿಂತಿದ್ದಳು. ಫಿನ್‌ಲ್ಯಾಂಡಿನ ಬಗ್ಗೆ ಒಂದು ಮಾತೂ ಆಡದೆ.