ಬಂದನೋ, ಬಂದರೋ

ಕನ್ನಡದಲ್ಲಿ ಯಾರ ಬಗ್ಗೆಯಾದರೂ ಒಂದು ವಾಕ್ಯ ಹೇಳಬೇಕೆಂದರೆ ಮೊದಲು ಅವರ ಯೋಗ್ಯತೆಯನ್ನು ತೀರ್ಮಾನ ಮಾಡಿಕೊಳ್ಳಬೇಕು. ಇಂಗ್ಲಿಷಿನವರಿಗೆ ಈ ತಾಪತ್ರಯವಿಲ್ಲ. ಅವರ ‘ಹಿ’ ಒಳಗೆ ರಾಜನೂ ಹಿಡಿಸುತ್ತಾನೆ, ಜೇಬುಗಳ್ಳನೂ ಹಿಡಿಸುತ್ತಾನೆ. ನಮ್ಮಲ್ಲಿ ಬಾಗಿಲಿಗೆ ಬಂದವರು ಯಾರೆಂದು ಹೆಂಡತಿ ಅಡಿಗೆಮನೆಯಿಂದ ಕೇಳಿದರೆ, ‘ಬಂದಿದ್ದಾನೆ’ ಎನ್ನಬೇಕೋ ‘ಬಂದಿದ್ದಾರೆ’ ಎನ್ನಬೇಕೋ ಎಂದು ಲೆಕ್ಕ ಹಾಕುವಷ್ಟರಲ್ಲಿ ನಮ್ಮ ಮನಸ್ಸಿನಲ್ಲಿರುವುದು ಬಂದವರಿಗೆ ಗೊತ್ತಾಗಿಬಿಡುತ್ತದೆ. ನಾನು ಸ್ವಭಾವತಃ ಅಂಜುಬುರುಕ. ಹಾಲು ಹಾಕುವವನಿಗೂ ಬಹುವಚನ ಹಾಕುತ್ತೇನೆ. ಎದುರುಮನೆ ನಾಯಿಗೆ ಒಮ್ಮೆ ‘ಸ್ವಲ್ಪ ಸರೀರಿ’ ಎಂದೆನೆಂದು ನನ್ನ ಹೆಂಡತಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅದು ಸುಳ್ಳು. ನಾಯಿಯ ಹಿಂದೆ ಅದರ ಯಜಮಾನರು ನಿಂತಿದ್ದರು. ಇಂಥ ನನಗೆ ಬದುಕಿನಲ್ಲಿ ಗಂಟುಬಿದ್ದ ದೊಡ್ಡ ಸಂಕಟ ಒಂದೇ ಒಂದು ಅಕ್ಷರದ್ದು. ‘ನು’ ಬೇಕೋ, ‘ರು’ ಬೇಕೋ. ಅದು ಶುರುವಾದದ್ದು ಯೇಸುಕ್ರಿಸ್ತನಿಂದ. (ಯೇಸುಕ್ರಿಸ್ತರಿಂದ ಎಂದು ತಿದ್ದಿಕೊಳ್ಳುವವರು ತಿದ್ದಿಕೊಳ್ಳಬಹುದು.)

ಆಗ ನಾನು ಅರಸೀಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಚರಿತ್ರೆ ಮೇಷ್ಟ್ರು. ಸ್ಟೇಷನ್ನಿನಲ್ಲಿ ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕುತ್ತಿದ್ದ ಕಾಲ. ಊರಿಗೆ ಊರೇ ಜಲ್ಲಿಯ ಧೂಳಿನಲ್ಲಿ ಕೆಮ್ಮುತ್ತಿತ್ತು. ಹೊಸ ಪಠ್ಯದಲ್ಲಿ ಆದಿ ಕ್ರೈಸ್ತಧರ್ಮದ ಚರಿತ್ರೆ ಎಂಬ ಅಧ್ಯಾಯ ಬಂತು, ನನ್ನ ತಲೆಗೆ ಕಟ್ಟಿದರು. ಹೊಯ್ಸಳರಾದರೆ ನಿದ್ದೆಗಣ್ಣಿನಲ್ಲೂ ಒಪ್ಪಿಸಿಬಿಡುತ್ತಿದ್ದೆ. ಇದು ಹೊಸದು. ಆದರೂ ಗಂಭೀರವಾಗಿ ಮುಖ ಮಾಡಿಕೊಂಡು ನೋಟ್ಸ್ ಬರೆಸುತ್ತಾ ಹೋದೆ. ಕಣಕಟ್ಟೆ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, “ಸಾ, ನೆನ್ನೆ ‘ಯೇಸು ಹುಟ್ಟಿದರು’ ಅಂತ ಬರೆಸಿದ್ರಿ. ಇವತ್ತು ‘ಸತ್ತನು’ ಅಂತೀರ. ಯಾವ್ದು ಬರ್ಕಳಾದು?” ಎಂದಳು. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ನಮ್ಮ ಭಾಷೆಯಲ್ಲಿ ದೇವರಿಗೆ ಏಕವಚನ: ರಾಮ ಬಂದನು, ಶಿವ ಒಲಿದನು. ದೊಡ್ಡ ಮನುಷ್ಯರಿಗೆ ಬಹುವಚನ: ತಹಸೀಲ್ದಾರರು ಬಂದರು, ಒಲಿಯಲಿಲ್ಲ. ಅಂದಮೇಲೆ ‘ಯೇಸು ಬಂದನು’ ಎಂದರೆ ದೇವರೆಂದು ಒಪ್ಪಿದ ಹಾಗೆ, ‘ಬಂದರು’ ಎಂದರೆ ಬಹಳ ಒಳ್ಳೆಯ ಮನುಷ್ಯ ಎಂದ ಹಾಗೆ. ಆದಿ ಕ್ರೈಸ್ತರು ಶತಮಾನಗಟ್ಟಲೆ ಬಡಿದಾಡಿದ್ದು ಈ ಪ್ರಶ್ನೆಗೇ. ನಾನು ಎರಡು ದಿನದ ನೋಟ್ಸಿನಲ್ಲಿ, ನನಗೇ ಗೊತ್ತಿಲ್ಲದೆ, ಎರಡೂ ಪಕ್ಷಕ್ಕೆ ಸೇರಿಬಿಟ್ಟಿದ್ದೆ.

ಇಂಥ ಸಂಕಟಗಳನ್ನೆಲ್ಲ ನಾನು ಒಯ್ದು ಸುರಿಯುತ್ತಿದ್ದದ್ದು ಜ್ಞಾನಪ್ರಕಾಶನ ಮುಂದೆ. ಅದೇ ಕಾಲೇಜಿನಲ್ಲಿ ಅವನು ಕನ್ನಡ ಮೇಷ್ಟ್ರು. ಅವನ ಅಪ್ಪ ರೈಲ್ವೆಯಲ್ಲಿ ಇಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವರು. ರೈಲ್ವೆ ಕ್ವಾರ್ಟರ್ಸಿನ ಹಿಂದೆಯೇ ನಮ್ಮ ಮನೆ. ನಾವಿಬ್ಬರೂ ಯಾವಾಗ ಸ್ನೇಹಿತರಾದೆವು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನನಗೆ ನೆನಪು ಅಂತ ಶುರುವಾದಾಗಲೇ ಅವನು ಅದರೊಳಗೆ ಇದ್ದ, ಚಡ್ಡಿ ತುಂಬ ಮಸಿ ಮಾಡಿಕೊಂಡು. ಮದುವೆಯಾಗಲಿಲ್ಲ, ತಾಯಿ ಸಾರಮ್ಮನ ಜೊತೆಗೇ ಉಳಿದ. ನನ್ನ ಪ್ರಶ್ನೆ ಕೇಳಿ ಅವನು, “ನಮ್ಮಪ್ಪ ಕ್ಯಾಥೊಲಿಕ್, ಅಮ್ಮ ಪ್ರಾಟೆಸ್ಟಂಟ್. ಅಪ್ಪನ ಪ್ರಾರ್ಥನೇಲಿ ಯೇಸು ಬರ್ತಿದ್ರು, ಅಮ್ಮನ ಬೈಬಲ್ಲಲ್ಲಿ ಬರ್ತಿದ್ದ. ನಾನು ಮಧ್ಯದಲ್ಲಿ ಕೂತು ಇಬ್ಬರಿಗೂ ಆಮೆನ್ ಅಂತಿದ್ದೆ ಕಣ್ಲಾ,” ಎಂದ. ‘ಆತ’ ಎಂದು ಬರೆಸಿದರೆ ಹೇಗೆ, ಮರ್ಯಾದೆಯೂ ಇದೆ, ಏಕವಚನವೂ ಹೌದು ಎಂದೆ. ಅವನು ಮೇಜಿನ ಮೇಲಿದ್ದ ಪೇಪರ್ ತೆಗೆದು ಓದಿದ: “‘ಬಾಣಾವರದ ಬಳಿ ಆತನನ್ನು ಬಂಧಿಸಿ ಎರಡು ಸೈಕಲ್ ವಶಪಡಿಸಿಕೊಳ್ಳಲಾಗಿದೆ.’ ಇದು ನಿನ್ನ ಆತ.” ಆಮೇಲೆ ಪೇಪರ್ ಮಡಿಸಿಟ್ಟು, “ಒಂದ್ ಕೆಲ್ಸ ಮಾಡು. ‘ಸಮಾಧಿ ತೆಗೆದು ನೋಡಿದಾಗ ಯೇಸು ಅಲ್ಲಿ ಇರಲಿಲ್ಲ’ ಅಂತ ಬರೆಸಿ ಪಾಠ ಮುಗಿಸು. ‘ಇಲ್ಲ’ ಅನ್ನೋ ಪದಕ್ಕೆ ಏಕವಚನ ಬಹುವಚನ ಎರಡೂ ಹಿಡಿಯೋದಿಲ್ಲ. ಅವನೂ ಇಲ್ಲ, ಅವರೂ ಇಲ್ಲ. ಸಾಹುಕಾರನೂ ಇಲ್ಲ, ಜವಾನನೂ ಇಲ್ಲ. ಕನ್ನಡದಲ್ಲಿ ಎಲ್ಲರೂ ಸಮ ಆಗೋದು ಅಲ್ಲೊಂದೇ ಜಾಗ,” ಎಂದ. ನಾನು ಹಾಗೆಯೇ ಬರೆಸಿದೆ. ಯಾರೂ ತಕರಾರು ತೆಗೆಯಲಿಲ್ಲ.

ಆದರೆ ಪಾಠ ಮುಗಿಯಲಿಲ್ಲ. ಅಲೆಕ್ಸಾಂಡ್ರಿಯದ ಒಬ್ಬ ಪಾದ್ರಿ ಒಂದು ಸರಳವಾದ ತರ್ಕ ಹೂಡಿದ. ಅವನ ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳುತ್ತೀರಿ. ಯೇಸು ದೇವರ ಮಗ; ಮಗ ಎಂದ ಮೇಲೆ ತಂದೆ ಮೊದಲು, ಮಗ ಆಮೇಲೆ. ಹಾಗಾದರೆ ಆ ಮಗ ಇಲ್ಲದ ಒಂದು ಕಾಲ ಇದ್ದಿರಲೇಬೇಕಲ್ಲ ಎಂಬುದು ಅವನ ವಾದ. ಇನ್ನೊಂದು ಪಕ್ಷದವರು, ಅಂಥ ಕಾಲವೇ ಇರಲಿಲ್ಲ, ಮಗ ಯಾವತ್ತೂ ಇದ್ದ ಎಂದರು. ಸಂತೆಯಲ್ಲಿ ರೊಟ್ಟಿ ಕೊಳ್ಳಲು ಹೋದವರೂ ಇದನ್ನೇ ಜಗಳ ಆಡುತ್ತಿದ್ದರಂತೆ. ಕೊನೆಗೆ ಚಕ್ರವರ್ತಿಯೇ ನೈಸಿಯಾ ಎಂಬ ಊರಿನಲ್ಲಿ ಬಿಷಪ್ಪರನ್ನೆಲ್ಲ ಕೂರಿಸಿ ಪಂಚಾಯಿತಿ ಮಾಡಿಸಬೇಕಾಯಿತು. ಆಮೇಲೆಯೂ ಜಗಳ ನಿಲ್ಲಲಿಲ್ಲ. ತಂದೆ ಮಗ ‘ಒಂದೇ’ ತತ್ತ್ವವೋ ‘ಒಂದೇ ಥರದ’ ತತ್ತ್ವವೋ ಎಂದು ಮುಂದುವರಿಯಿತು. ಗ್ರೀಕಿನಲ್ಲಿ ಆ ಎರಡು ಪದಗಳಿಗೂ ಇದ್ದ ವ್ಯತ್ಯಾಸ ಒಂದು ಸಣ್ಣ ಅಕ್ಷರ. ಒಂದಕ್ಷರಕ್ಕೆ ಇಷ್ಟು ರಂಪವೇ ಎಂದು ತರಗತಿ ಅಪನಂಬಿಕೆಯಿಂದ ನೋಡಿತು. ಕಣಕಟ್ಟೆಯ ಹುಡುಗಿ ಮಾತ್ರ ತಲೆಯಾಡಿಸಿ, “ಐತೆ ಸಾ. ಹೊಲದ ಬದಿನ ಮೇಲಿನ ಒಂದು ತೆಂಗಿನ್ಮರಕ್ಕೆ ನಮ್ಮಪ್ಪಂಗೂ ದೊಡ್ಡಪ್ಪಂಗೂ ಮಾತಿಲ್ಲ,” ಎಂದಳು. ಆದಿ ಕ್ರೈಸ್ತ ಚರಿತ್ರೆ ಅವಳಷ್ಟು ಚೆನ್ನಾಗಿ ಆ ತರಗತಿಯಲ್ಲಿ ಯಾರಿಗೂ ಅರ್ಥವಾಗಲಿಲ್ಲ, ನನ್ನನ್ನೂ ಸೇರಿಸಿ.

ಮಾರನೆಯ ವರ್ಷ ಪ್ರಕಾಶ ಪ್ರಿನ್ಸಿಪಾಲನಾದ. ಆದರು ಎನ್ನಬೇಕು, ಹಾಗೆನ್ನಬೇಕೆಂದು ನನಗೆ ಹೊಳೆಯಲಿಲ್ಲ, ಅಲ್ಲಿಂದಲೇ ಅನಾಹುತ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೊರಟೆವು. ಬೇಲೂರಿನಲ್ಲಿ ಗೈಡು, ಕೇಶವ ನಿಂತಿದ್ದಾನೆ ಎಂದ. ಹಳೇಬೀಡಿನಲ್ಲಿ ಇನ್ನೊಬ್ಬ ಗೈಡು, ಈಶ್ವರ ಇಲ್ಲಿದ್ದಾನೆ ಎಂದ. ಅದೇ ಗೈಡಿನ ಹಿಂದೆ ನಡೆದುಕೊಂಡು ಪಕ್ಕದ ಬಸ್ತಿಹಳ್ಳಿಗೆ ಹೋದರೆ, ಬಸದಿಯ ಕತ್ತಲಲ್ಲಿ ಎತ್ತರದ ಮೂರ್ತಿಯನ್ನು ತೋರಿಸಿ, “ಪಾರ್ಶ್ವನಾಥ ತೀರ್ಥಂಕರರು ನಿಂತಿದ್ದಾರೆ,” ಎಂದ. ದೇವರಿಗೆ ಏಕವಚನ, ತಪಸ್ಸು ಮಾಡಿ ಮೇಲೇರಿದ ಮನುಷ್ಯರಿಗೆ ಬಹುವಚನ. ನೈಸಿಯಾದಲ್ಲಿ ಬಗೆಹರಿಯದ್ದನ್ನು ಈ ಮನುಷ್ಯ ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಬಗೆಹರಿಸಿದ್ದ. ನನಗೆ ಆನಂದ ತಡೆಯಲಾಗಲಿಲ್ಲ. “ಏನ್ಲಾ ಪ್ರಕಾಶ, ಕೇಳಿಸ್ಕೊಂಡ್ಯೇನ್ಲಾ?” ಎಂದು ಕೂಗಿದೆ. ಕಲ್ಲಿನ ಮಂಟಪ ಅದನ್ನು ಇನ್ನೊಂದು ಸಲ ಹೇಳಿತು. ಅಷ್ಟೂ ಹುಡುಗರು ಒಟ್ಟಿಗೆ ನಕ್ಕರು. ನುಣುಪಾದ ಕಂಬದಲ್ಲಿ ಪ್ರಿನ್ಸಿಪಾಲರ ಮುಖ ಸೊಟ್ಟಗೆ ಕಾಣುತ್ತಿತ್ತು. ವಾರದೊಳಗೆ ಕಾಲೇಜಿನ ಕಾಂಪೌಂಡಿನ ಮೇಲೆ ಯಾರೋ ಇದ್ದಿಲಿನಲ್ಲಿ ‘ಏನ್ಲಾ ಪ್ರಕಾಶ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರು.

ಆಡಳಿತ ಮಂಡಳಿಯ ಅಧ್ಯಕ್ಷರು ಕೊಬ್ಬರಿ ಮಂಡಿಯವರು. ನನ್ನನ್ನು ಮಂಡಿಗೇ ಕರೆಸಿ ಕೂರಿಸಿ, “ಪ್ರಿನ್ಸಿಪಾಲ್ರು ಅಂದ್ರೆ ಕಾಲೇಜಿನ ಮರ್ಯಾದೆ ಕಣ್ರೀ. ನೀವು ಸ್ನೇಹಿತ್ರು ಇರಬೌದು. ಅದನ್ನ ಗೇಟಿನಾಚೆ ಇಟ್ಕಳಿ,” ಎಂದರು. ಪ್ರಕಾಶನಿಗೆ ಹೇಳಿದೆ. ಅವನು, “ಸರಿ ಬಿಡು, ಗೇಟಿನೊಳಗೆ ನೀವು, ಗೇಟಿನಾಚೆ ನೀನು,” ಎಂದ. ನೈಸಿಯಾ ಆದ ನೂರಕ್ಕೂ ಹೆಚ್ಚು ವರ್ಷದ ಮೇಲೆ ಕ್ಯಾಲ್ಸಿಡಾನಿನಲ್ಲಿ ಇನ್ನೊಂದು ಸಭೆ ಸೇರಿ ಹೀಗೇ ಒಂದು ರಾಜಿ ಮಾಡಿತ್ತು. ಒಬ್ಬನಲ್ಲೇ ಎರಡು ಸ್ವಭಾವ, ಪೂರ್ತಿ ದೇವರು, ಪೂರ್ತಿ ಮನುಷ್ಯ. ಒಂದರೊಳಗೊಂದು ಬೆರೆಯದೆ, ಒಂದರಿಂದೊಂದು ಬೇರೆಯಾಗದೆ. ಬೆರೆಯದೆ, ಬೇರೆಯಾಗದೆ. ಕನ್ನಡದಲ್ಲಿ ಎಷ್ಟು ಚೆನ್ನಾಗಿ ಕೂತಿದೆ ನೋಡು ಎಂದು ಇಬ್ಬರೂ ಖುಷಿಪಟ್ಟೆವು.

ಅದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ದಿನವಿಡೀ ‘ಸಾರ್’ ಎಂದ ನಾಲಿಗೆ ಸಂಜೆಗೆ ಅಲ್ಲಿಂದ ಇಳಿಯುವುದಿಲ್ಲ. ಒಂದು ಭಾನುವಾರ ಅವನ ಮನೆಯಲ್ಲಿ ರೊಟ್ಟಿ ತಿನ್ನುತ್ತಾ ನಾನು ಅವನಿಗೆ, “ಇನ್ನೊಂಚೂರು ಚಟ್ನಿ ಹಾಕ್ಕೊಳ್ಳಿ ಸಾರ್,” ಎಂದುಬಿಟ್ಟೆ. ಸಾರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ನಗಲಿಲ್ಲ, ಚಟ್ನಿ ಹಾಕಿಕೊಂಡ. ಅವನಿಗೆ ಮೀಟಿಂಗುಗಳು ಹೆಚ್ಚಾದವು. ನಾನು ಮಗಳ ಓದು, ಮನೆ ರಿಪೇರಿ ಎಂದು ನನ್ನ ಪಾಡಿಗಾದೆ. ಜಗಳ ಆಡಿದ್ದರೆ ರಾಜಿಯಾದರೂ ಆಗಬಹುದಿತ್ತು. ನಾವು ಬರೀ ಮರ್ಯಾದಸ್ಥರಾದೆವು. ಬೆರೆಯದೆ ಎಂಬ ಅರ್ಧವನ್ನು ಚಾಚೂ ತಪ್ಪದೆ ಪಾಲಿಸಿದೆವು. ಬೇರೆಯಾಗದೆ ಎಂಬ ಇನ್ನರ್ಧ ನಮ್ಮ ಕೈಲಾಗಲಿಲ್ಲ.

ವರ್ಷಗಳು ಹೀಗೇ ಹೋದವು. ಪ್ರಕಾಶನಿಗೆ ಮೊದಲೇ ಇದ್ದ ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿಯಿತು, ಹಾಸನದ ಆಸ್ಪತ್ರೆಗೆ ಸೇರಿಸಿದರು. ಇಬ್ಬರು ಸಹೋದ್ಯೋಗಿಗಳ ಜೊತೆ ನೋಡಲು ಹೋದೆ. ಅವನ ಕೈಕಾಲು ಊದಿತ್ತು. “ಹೇಗಿದ್ದೀರಿ ಸಾರ್?” ಎಂದೆ. “ಪರವಾಗಿಲ್ಲ. ನೀವು ಹೇಗಿದ್ದೀರಿ?” ಎಂದ. ಕಾಲೇಜಿನ ನಾಲ್ಕು ಮಾತಾದ ಮೇಲೆ ಉಳಿದಿಬ್ಬರು ಟೀ ಕುಡಿಯಲು ಕೆಳಗೆ ಹೋದರು. ಅವರ ಚಪ್ಪಲಿ ಸದ್ದು ಮೆಟ್ಟಿಲಿಳಿಯುವವರೆಗೂ ಅವನು ಕಾದ. ಆಮೇಲೆ ನನ್ನ ಕಡೆ ತಿರುಗಿ, “ಹೋದ್ರು ಕಣ್ಲಾ. ಇನ್ನಾದ್ರೂ ಬಹುವಚನದಿಂದ ಕೆಳಗಿಳಿ,” ಎಂದ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ನೋಡಿದರೂ ನೋಡದವನ ಹಾಗೆ ಅವನೇ ಮಾತು ಮುಂದುವರಿಸಿದ: “ನಾನು ಹೋದ್ಮೇಲೆ ಸಂತಾಪ ಸಭೆ ಮಾಡ್ತಾರೆ. ಭಾಷಣ ನಿನ್ನ ತಲೆಗೇ ಕಟ್ತಾರೆ. ‘ಅವರು ಹಂಗಿದ್ದರು, ಅವರು ಹಿಂಗಿದ್ದರು’ ಅಂತ ಶುರು ಮಾಡಿದ್ಯೋ, ಎದ್ದು ಬಂದು ಮೈಕು ಕಿತ್ಕೋತೀನಿ.” “ನಿಮ್ಮೋರಲ್ಲಿ ಎದ್ದು ಬರೋ ಅಭ್ಯಾಸ ಐತೆ ಬಿಡ್ಲಾ, ನಂಬ್ತೀನಿ,” ಎಂದೆ. ಅವನು ನಕ್ಕ. ಬಹಳ ದಿನದ ಮೇಲೆ ನಾನು ಅವನನ್ನು ನಗಿಸಿದ್ದೆ. ಅದೇ ಕೊನೆ.

ಅವನ ಸಮಾಧಿಗೆ ಮಣ್ಣು ಹಾಕಿ ಬಂದ ದಿನ ನನಗೆ ಆ ಅಲೆಕ್ಸಾಂಡ್ರಿಯದ ಪಾದ್ರಿಯ ಮೇಲೆ ವಿನಾಕಾರಣ ಸಿಟ್ಟು ಬಂತು. ಮಗನಿಲ್ಲದ ಕಾಲ ಒಂದಿತ್ತು ಎಂದು ಆ ಪಾದ್ರಿ ಎಷ್ಟು ಸಲೀಸಾಗಿ ಹೇಳಿದ. ನನ್ನ ಮಟ್ಟಿಗೆ ಪ್ರಕಾಶ ಇಲ್ಲದ ಕಾಲ ಎಂಬುದು ಹಿಂದೆ ಯಾವತ್ತೂ ಇರಲಿಲ್ಲ. ಈಗ ಶುರುವಾಗಿತ್ತು, ಎಲ್ಲಿಯವರೆಗೆ ಎಂದು ಹೇಳುವವರಿರಲಿಲ್ಲ.

ಸಂತಾಪ ಸಭೆಯ ಭಾಷಣ ನನ್ನ ತಲೆಗೇ ಬಂತು. ಏಕವಚನದಲ್ಲೇ ಮಾತಾಡಬೇಕೆಂದು ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಅವರ ಪಕ್ಕ ಸಾರಮ್ಮ, ಹಿಂದೆ ಹಾಲ್ ತುಂಬ ಹುಡುಗರು. ಮೈಕಿನ ಮುಂದೆ ನಿಂತು ಬಾಯಿ ತೆರೆದರೆ ಬಂದದ್ದು ‘ಅವರು’. ಅದು ಅಭ್ಯಾಸಬಲ, ಹೆದರಿಕೆ ಎಂದರೂ ಸರಿಯೇ. ತಿದ್ದಿಕೊಳ್ಳಬೇಕೆನ್ನುವಾಗ ಅವನ ಮಾತು ನೆನಪಾಯಿತು. ಎದ್ದು ಬರುತ್ತೇನೆ ಎಂದಿದ್ದ. ಎರಡನೆಯ ‘ಅವರು’ ಬೇಕೆಂದೇ ಹೇಳಿದೆ. ಆಮೇಲೆ ಸಾಲಾಗಿ ಹೇಳಿದೆ. ಶ್ರೀಯುತರು ಎಂದೆ, ಮಾನ್ಯರು ಎಂದೆ, ದಿವಂಗತರು ತಮ್ಮ ಅಮೃತಹಸ್ತದಿಂದ ಸೈಕಲ್ ಸ್ಟ್ಯಾಂಡ್ ಉದ್ಘಾಟಿಸಿದ್ದರು ಎಂದೆ. ಅವನಿಗೆ ಮೈ ಉರಿಯುವಂಥ ಪದ ಇನ್ನು ಯಾವುದಿದೆ ಎಂದು ಹುಡುಕಿ ಹುಡುಕಿ, ಕಣ್ಣನ್ನು ಬಾಗಿಲಿನಲ್ಲೇ ಇಟ್ಟುಕೊಂಡು ಮಾತಾಡಿದೆ. ನಾನು ಓದಿದವನು, ಬುದ್ಧಿ ನೆಟ್ಟಗಿರುವವನು, ಆದರೂ ನಿಜವಾಗಿ ಕಾದೆ. ಬರಲಿಲ್ಲ. ಅವನು ಹೇಳಿಕೊಟ್ಟ ವ್ಯಾಕರಣ ಸರಿಯಾಗಿತ್ತು. ಅವನೂ ಬರಲಿಲ್ಲ, ಅವರೂ ಬರಲಿಲ್ಲ.

ಸಭೆ ಮುಗಿದ ಮೇಲೆ ಅಧ್ಯಕ್ಷರು ನನ್ನ ಕೈ ಹಿಡಿದು, “ಎಷ್ಟು ಮರ್ಯಾದೆ ಕೊಟ್ಟು ಮಾತಾಡಿದ್ರಿ,” ಎಂದರು. ಸಾರಮ್ಮ ಕೋಲೂರಿಕೊಂಡು ಹತ್ತಿರ ಬಂದು, “ಚೆನ್ನಾಗಿತ್ತಪ್ಪ. ಆದ್ರೆ ಯಾರ ವಿಚಾರ ಅಂತ ನಂಗೆ ತಿಳೀಲಿಲ್ಲ,” ಎಂದರು. ಅವರ ಕೈ ಹಿಡಿದು ಗೇಟಿನವರೆಗೆ ಕರೆದುಕೊಂಡು ಹೋದೆ. ಆಟೋ ಹತ್ತಿಸಿ ಕಳಿಸಿದೆ.

ನಾನು ನಡೆದುಕೊಂಡೇ ಮನೆ ಕಡೆ ಹೊರಟೆ. ಸ್ಟೇಷನ್ನಿನ ಮೇಲ್ಸೇತುವೆಯ ನಡುವೆ ಬಂದಿದ್ದೆ. ಕೆಳಗೆ ಹೊಸ ಹಳಿಗಳು ಸಂಜೆ ಬೆಳಕಿನಲ್ಲಿ ಹೊಳೆಯುತ್ತಿದ್ದವು. ಹಿಂದಿನಿಂದ ಯಾರೋ, “ಏನ್ಲಾ, ಅಂಗೇ ಓಯ್ತಾ ಇದ್ದೀಯ, ನಿಂತ್ಕಳ್ಲಾ, ನಾನೂ ಬತ್ತೀನಿ,” ಎಂದು ಕೂಗಿದರು. ನಿಂತುಬಿಟ್ಟೆ. ತಿರುಗಿದೆ. ತೆಂಗಿನಕಾಯಿ ಮೂಟೆ ಹೊತ್ತ ಒಬ್ಬ ಹಮಾಲಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬರುತ್ತಿದ್ದ. ಅವನು ಕರೆದದ್ದು ನನಗಿಂತ ಮುಂದೆ ಹೋಗುತ್ತಿದ್ದ ಅವನ ಜೊತೆಗಾರನನ್ನು. ನನ್ನ ಮುಖ ನೋಡಿ ಗಾಬರಿಯಾಗಿ, “ಅಯ್ಯೋ, ನಿಮ್ಗಲ್ಲ ಸಾ. ತಪ್ಪು ತಿಳ್ಕಬ್ಯಾಡಿ,” ಎಂದ. ಆ ವೇಳೆಗೆ ತಪ್ಪು ತಿಳಿದುಕೊಂಡಾಗಿತ್ತು. ಕಂಬಿಗೆ ಒತ್ತಿಕೊಂಡು ದಾರಿ ಬಿಟ್ಟೆ. “ಪರವಾಗಿಲ್ಲ, ನೀವು ಮುಂದೆ ಹೋಗಿ,” ಎಂದೆ, ಬಹುವಚನದಲ್ಲೇ.