ಶಾಂತಾದೇವಿಯ ಮೂರನೆಯ ಕೈ

ಶಾಂತಾದೇವಿಗೆ ವಿಜಯಪುರದ ಅಕ್ಕನ ಮನೆಗೆ ಎಂಟು ದಿನ ಹೋಗಿಬರಬೇಕೆನಿಸಿತು. ಅನಿಸಿದ್ದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಯಾವ ತಾಪತ್ರಯವೂ ಇರಲಿಲ್ಲ. ಬಾಯಿಬಿಟ್ಟು ಹೇಳಿದಳು, ಮೊದಲು ಫೋನಿನಲ್ಲಿ ಅಕ್ಕನಿಗೆ, ಆಮೇಲೆ ಮನೆಯಲ್ಲಿ.

"ಯಾಕ, ಯಾರಿಗರ ಆರಾಮಿಲ್ಲೇನು?" ಮಾವ ಸೋಮನಿಂಗಪ್ಪ ಕೇಳಿದರು.

"ಎಲ್ಲಾರೂ ಆರಾಮ ಅದಾರ್ರಿ ಮಾವಾರ."

"ಲಗ್ನ? ಬಸುರಿ ಹೆಣ್ಮಗಳ ಕುಬಸ?"

"ಏನೂ ಇಲ್ರಿ. ಸುಮ್ನ."

ಸುಮ್ಮನೆ ಎಂಬ ಕಾರಣಕ್ಕೆ ಅಸಂಗಿಯ ಆ ಮನೆಯಿಂದ ಯಾವ ಸೊಸೆಯೂ ಬಸ್ಸು ಹತ್ತಿದ ದಾಖಲೆ ಇರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಶಾಂತಾದೇವಿ ಮದುವೆಗೆಂದು ಹೋಗಿದ್ದಳು, ಮಣ್ಣಿಗೆಂದು ಹೋಗಿದ್ದಳು, ಹೋದ ಸಂಜೆಯೇ ತಿರುಗಿ ಬಂದು ಹಿಟ್ಟಿಗೆ ಕೈ ಹಾಕಿದ್ದಳು. ಮಧ್ಯಾಹ್ನ ಕಾಲು ಚಾಚಿ ಮಲಗುವುದು, ಎದ್ದಾಗ ಬೇರೆ ಯಾರೋ ಮಾಡಿದ ಚಹಾ ಕೈಗೆ ಬರುವುದು, ಇಷ್ಟೇ ಅವಳ ಆಸೆ. ಆದರೆ ಇದನ್ನು ಕಾರಣವೆಂದು ಮಾವನ ಮುಂದೆ ಹೇಳುವುದು ಹೇಗೆ?

"ಹೋಗಲಿ, ಬ್ಯಾಡನ್ನಂಗಿಲ್ಲ," ಎಂದಳು ಅತ್ತೆ ಹಾಲವ್ವ. ಬೇಡ ಎನ್ನುವಾಗಲೆಲ್ಲ ಅವಳು ಹೀಗೇ ಶುರು ಮಾಡುತ್ತಿದ್ದಳು. "ಮನ್ಯಾನವ್ರು, ಹೊಲದ ಆಳುಗೋಳು, ಹೊತ್ತಿಗೆ ಮೂವತ್ತು ರೊಟ್ಟಿ. ಯಾರ ಬಡೀಬೇಕು? ನನ್ನ ರಟ್ಟಿ ಸೋತು ಹತ್ತು ವರ್ಷಾತು."

"ನನ್ನ ಯಂತ್ರ ಬಡೀತೈತಿ, ಆಯಿ," ಎಂದು ಮೂಲೆಯಿಂದ ದನಿ ಬಂತು.

ದನಿ ರಜೆಗೆ ಬಂದಿದ್ದ ಶಾಂತಾದೇವಿಯ ಮಗಳು ಸೃಷ್ಟಿಯದು. ಅವಳು ಪುಣೆ ಕಡೆಯ ಒಂದು ವಿದ್ಯಾಪೀಠದಲ್ಲಿ ಮೆಕಾಟ್ರಾನಿಕ್ಸ್ ಮತ್ತು ರೋಬೋಟಿಕ್ಸ್ ಓದುತ್ತಿದ್ದಳು. ಅದೇನು ಓದು ಎಂದು ಕೇಳಿದವರಿಗೆಲ್ಲ ತಂದೆ ಶಿವಪುತ್ರ, "ಅರ್ಧಾ ಫಿಟರ್, ಅರ್ಧಾ ವಾಯರ್‌ಮನ್, ಅರ್ಧಾ ಕಂಪ್ಯೂಟರ್," ಎಂದು ವಿವರಿಸುತ್ತಿದ್ದ. ಮೂರು ಅರ್ಧ ಸೇರಿದರೆ ಒಂದೂವರೆ ಆಗುತ್ತದಲ್ಲ ಎಂದರೆ, "ಅದಕ್ಕ ಫೀ ಜಾಸ್ತಿ," ಎನ್ನುತ್ತಿದ್ದ.

ಯಂತ್ರವೆಂದರೆ ಒಂದು ಕೈ. ಭುಜದಿಂದ ಬೆರಳಿನವರೆಗೆ, ಮುಂದಿನದು ಏನೂ ಇಲ್ಲ, ಹಿಂದಿನದೂ ಏನೂ ಇಲ್ಲ. ಅಂಗೈಗೆ ಬಿಳಿ ರಬ್ಬರು, ಮೊಣಕೈಗೆ ಮೋಟಾರು. ಅಡುಗೆಮನೆಯ ಕಟ್ಟೆಯ ಮೇಲೆ ರೊಟ್ಟಿ ಬಡಿಯುವ ಪರಾತದ ಪಕ್ಕ ಅದನ್ನು ಕೂರಿಸಿ, ಬಾಗಿಲೂ ಸೇರಿ ಇಡೀ ಅಡುಗೆಮನೆ ಕಾಣುವಂತೆ ಮೇಲಿನ ಹಲಗೆಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇಟ್ಟಿದ್ದಳು ಸೃಷ್ಟಿ. ನಾಲ್ಕು ದಿನದಿಂದ ಶಾಂತಾದೇವಿ ಬಲಗೈಗೆ ವಾಯರು ಹೊಲಿದ ಕೈಗವಸು ಹಾಕಿಕೊಂಡೇ ರೊಟ್ಟಿ ಬಡಿದಿದ್ದಳು. ಕ್ಯಾಮೆರಾ ಕಂಡದ್ದು, ಕೈ ಮಾಡಿದ್ದು, ಎರಡೂ ಲ್ಯಾಪ್‌ಟಾಪಿನೊಳಗೆ ಕೂತಿದ್ದವು.

"ಅದಕ್ಕ ನಾ ಏನೂ ಹೇಳಿಕೊಡಂಗಿಲ್ಲವ್ವಾ," ಎಂದು ಸೃಷ್ಟಿ ಹೇಳಿದ್ದಳು. "ಯಾವಾಗ ಏನ ಕಂಡಾಗ ನಿನ್ನ ಕೈ ಏನ ಮಾಡ್ತೈತಿ, ನೋಡಿ ನೋಡಿ ತಾನ ಕಲೀತೈತಿ."

ಸೋಮನಿಂಗಪ್ಪ ತಲೆಯ ಮೇಲಿನ ಪಟಕ ಸರಿಪಡಿಸಿಕೊಂಡು ತೀರ್ಪು ಕೊಟ್ಟರು. "ಇವತ್ತ ಸಂಜಿಗೆ ಯಂತ್ರದ್ದು ಮೂವತ್ತು ರೊಟ್ಟಿ ಬುಟ್ಟ್ಯಾಗ ಬೀಳ್ಲಿ. ನಾಳಿ ಮುಂಜಾನಿ ಉಮದಿಗೆ ಹೋಗಿ ಬಸ್ ಹತ್ತು. ಬೀಳಲಿಲ್ಲಂದ್ರ ಸುಮ್ನ ಹೋಗೂ ಮಾತ ಈ ಮನ್ಯಾಗ ಮತ್ತ ಬರಬಾರ್ದು."

ಹತ್ತು ಗಂಟೆಗೆ ಪರೀಕ್ಷೆ ಶುರುವಾಯಿತು. ಹಿಟ್ಟು ನಾದುವುದು, ಹಂಚಿನ ಮೇಲೆ ಸುಡುವುದು ಸೃಷ್ಟಿಯ ಪಾಲು, ಬಡಿಯುವುದು ಯಂತ್ರದ್ದು. ಪಕ್ಕದ ಮನೆಯ ಗುರವ್ವ ಯಾರೂ ಕರೆಯದಿದ್ದರೂ ಬಂದು ಬಾಗಿಲ ಬಳಿ ಕುಂತಳು. ಗುರವ್ವನಿಗೆ ಐದು ಜನ ಸೊಸೆಯಂದಿರು. ಹೀಗಾಗಿ ಇತರರ ಕೆಲಸ ನೋಡುವುದರಲ್ಲಿ ಅವಳಿಗೆ ಒಳ್ಳೆಯ ಅನುಭವವಿತ್ತು.

ಯಂತ್ರದ ಕೈ ಉಂಡೆಯನ್ನು ಪರಾತಕ್ಕೆ ಒತ್ತಿತು. ತಟ್ ತಟ್ ಎಂದು ಬಡಿಯಿತು, ತಿರುಗಿಸಿತು, ಮತ್ತೆ ಬಡಿಯಿತು. ಥೇಟ್ ಶಾಂತಾದೇವಿಯ ತಾಳ. ಅವಳ ಎದೆಯೂ ಅದೇ ತಾಳಕ್ಕೆ ಬಡಿಯತೊಡಗಿತು. ಮನಸ್ಸಿನಲ್ಲೇ ಅವಳು ವಿಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಳು, ಅಕ್ಕನ ಓಣಿಗೆ ತಿರುಗಿದಳು.

ಅಷ್ಟರಲ್ಲಿ ಸೋಮನಿಂಗಪ್ಪ ಕೆಮ್ಮುತ್ತ ಬಾಗಿಲಿಗೆ ಬಂದರು.

ಯಂತ್ರ ರೊಟ್ಟಿಯನ್ನು ಅಲ್ಲೇ ಕೈಬಿಟ್ಟಿತು. ಕೈ ಮೇಲೇರಿ, ತಲೆ ಇರಬೇಕಾದ ಜಾಗಕ್ಕೆ ಹೋಗಿ, ಇಲ್ಲದ ಸೆರಗನ್ನು ಮುಂದಕ್ಕೆಳೆಯಿತು. ಆಮೇಲೆ ತೆಪ್ಪಗೆ ಕುಂತಿತು.

"ಮಾವಾರ್ನ ಕಂಡು ಸೆರಗ ಹೊತ್ಕೊಂತವ್ವ," ಎಂದಳು ಗುರವ್ವ.

ಸೋಮನಿಂಗಪ್ಪ ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಬಂದರು. ಮತ್ತೆ ಸೆರಗು. ಮೂರನೆಯ ಸಲ ಕೆಮ್ಮದೆ ಬಂದು ನೋಡಿದರು. ಪಟಕ ಕಂಡದ್ದೇ ತಡ, ಕೈ ತಲೆಗೆ ಹೋಯಿತು. ಅವರ ಮುಖ ಹಬ್ಬದ ಮನೆಯಂತಾಯಿತು. "ಎಷ್ಟ ಸಂಸ್ಕಾರ ನೋಡು. ಈಗಿನ ಹುಡಿಗ್ಯಾರಿಗೂ ಇಷ್ಟಿಲ್ಲ," ಎಂದು ಹೆಂಡತಿಯನ್ನು ಕರೆದು ಇನ್ನೂ ನಾಲ್ಕು ಸಲ ಬಂದುಹೋದರು. ಪರಾತದಲ್ಲಿ ರೊಟ್ಟಿ ಒಣಗಿ ಬಿರಿಯಿತು.

ಸೃಷ್ಟಿ ಲ್ಯಾಪ್‌ಟಾಪಿನಲ್ಲಿ ಹುಡುಕಿ ಹೇಳಿದಳು: "ಅವ್ವಾ, ನಾಕು ದಿನದಾಗ ನೀ ಮುನ್ನೂರಾ ಹನ್ನೊಂದು ಸಲ ಸೆರಗ ಎಳಕೊಂಡೀಯಿ."

ಶಾಂತಾದೇವಿ ತನ್ನ ಬಲಗೈಯನ್ನು ಯಾರದೋ ಕೈ ನೋಡುವಂತೆ ನೋಡಿದಳು. ಒಂದೆರಡು ಸಲ ಇದ್ದೀತು ಎಂದು ಅವಳು ತಿಳಿದಿದ್ದಳು.

ಹಾಲವ್ವನಿಗೆ ಯಂತ್ರ ಮನಸ್ಸಿಗೆ ಬಂದಿತು. ಮನಸ್ಸಿಗೆ ಬಂದವರಿಗೆ ಅವಳು ಬುದ್ಧಿ ಹೇಳುತ್ತಿದ್ದಳು. ಹಿಟ್ಟಿಗೆ ಕುದಿನೀರೇ ಯಾಕೆ ಬೇಕು, ತಾನು ಸೊಸೆಯಾಗಿ ಬಂದಾಗ ಎಷ್ಟು ರೊಟ್ಟಿ ಬಡಿಯುತ್ತಿದ್ದೆ, ಅಂಚು ದಪ್ಪ ಬಿಡುವವರ ತವರಿನವರು ಎಂಥವರು, ಎಲ್ಲವನ್ನೂ ಯಂತ್ರಕ್ಕೆ ಕೂಲಂಕಷವಾಗಿ ಹೇಳಿ ಹೊರಡಲು ಬೆನ್ನು ತಿರುಗಿಸಿದಳು.

ಯಂತ್ರದ ಕೈ ಮೇಲೆದ್ದಿತು. ನಾಲ್ಕು ಬೆರಳು ಮೇಲೆ, ಹೆಬ್ಬೆರಳು ಕೆಳಗೆ, ಬಾತುಕೋಳಿಯ ಕೊಕ್ಕಿನ ಹಾಗೆ ಪಟಪಟನೆ ತೆರೆದು ಮುಚ್ಚಿತು.

ಹಾಲವ್ವ ಹೊರಳಿ ನೋಡಿದಳು. ಕೊಕ್ಕು ಇನ್ನೂ ಮಾತಾಡುತ್ತಲೇ ಇತ್ತು.

"ಇದೇನಿದು?"

ಶಾಂತಾದೇವಿ ಮುಂದೆ ಬಂದು ಆ ಕೊಕ್ಕನ್ನು ಹಿಡಿದು ಮುಚ್ಚಿದಳು. "ಅದು... ಹಿಟ್ಟ ಉದುರಸೂದ್ರಿ ಅತ್ತಿ. ಬೆರಳಿಗೆ ಮೆತ್ತಿದ್ದು."

"ಹಂಗಾ. ಚಲೋ ರೂಢಿ," ಎಂದು ಹಾಲವ್ವ ಹೋದಳು.

ಗುರವ್ವ ಯೋಚನೆಗೆ ಬಿದ್ದಳು. ಸ್ವಲ್ಪ ಹೊತ್ತಿನ ಮೇಲೆ, "ನಮ್ಮ ಐದೂ ಸೊಸ್ತೇರು ಹಿಂಗ ಹಿಟ್ಟ ಉದುರಸ್ತಾರ. ಹಿಟ್ಟ ಮುಟ್ಟದಾಗೂ," ಎಂದಳು.

ಶಾಂತಾದೇವಿಗೆ ಆಗ ನಿಜವಾದ ಭಯ ಶುರುವಾಯಿತು. ನಾಲ್ಕು ದಿನದಲ್ಲಿ ತನ್ನ ಕೈ ಇನ್ನೂ ಏನೇನು ಮಾಡಿದೆಯೋ. ಕೈ ಬಾಯಿಯಂತಲ್ಲ, ಅದರ ಮೇಲೆ ಯಾರೂ ಕಣ್ಣಿಟ್ಟಿರುವುದಿಲ್ಲ ಎಂದು ಅದು ತನ್ನಷ್ಟಕ್ಕೆ ತಾನು ಬದುಕಿಕೊಂಡಿರುತ್ತದೆ. ಗಂಡನೊಬ್ಬ ಇತ್ತ ಬರದಿದ್ದರೆ ಸಾಕು ಎಂದುಕೊಂಡಳು.

ಶಿವಪುತ್ರ ಬಂದ. ಮುಂದಿನ ಬಾಗಿಲಿನಿಂದಲ್ಲ, ಹಿತ್ತಲಿನಿಂದ. ಎಲ್ಲರೂ ಯಂತ್ರದ ಗುಂಗಿನಲ್ಲಿರುವಾಗ ಹಾಲಿನ ಪಾತ್ರೆಯ ಕೆನೆ ಎತ್ತಿಕೊಳ್ಳಬೇಕೆಂದು ಅವನ ಯೋಜನೆ. ಬಗ್ಗಿ, ಸಪ್ಪಳ ಮಾಡದೆ, ಪಾತ್ರೆಯ ಮುಚ್ಚಳಕ್ಕೆ ಕೈ ಚಾಚಿದ.

ಯಂತ್ರ ಹಿಟ್ಟಿನ ಉಂಡೆ ಎತ್ತಿ ಬೀಸಿ ಒಗೆಯಿತು. ಉಂಡೆ ಶಿವಪುತ್ರನ ಕಿವಿಯ ಹಿಂದೆ ಪಚ್ಚನೆ ಅಂಟಿತು.

"ಶಾಂತಾ," ಎಂದ ಅವನು ಬಗ್ಗಿದ ಹಾಗೆಯೇ. "ನನ್ನ ಹಿಂದ ನೀ ಹಿಂಗ ಮಾಡ್ತೀಯೇನು?"

"ನಿಮಗಲ್ರೀ. ಮೊನ್ನಿ ಬೆಕ್ಕ ಹಾಲಿಗೆ ಬಾಯಿ ಹಾಕಾಕ ಬಂದಿತ್ತು, ಅದಕ್ಕ ಒಗದಿದ್ನಿ. ಯಂತ್ರಕ್ಕ ತಿಳೀಲಿಲ್ಲ."

ಇದು ಅಪ್ಪಟ ಸತ್ಯ. ಆ ದಿನ ಅವಳು ಹೇಳಿದ ಏಕೈಕ ಸತ್ಯ. ಯಾರೂ ನಂಬಲಿಲ್ಲ.

"ನಾ ಬೆಕ್ಕಿನಂಗ ಕಾಣ್ತೀನೇನು?"

"ಮೀಸಿ ಅದಾವಲ್ಲೋ ಶಿವಪುತ್ರ," ಎಂದಳು ಗುರವ್ವ. ಸುದ್ದಿಯನ್ನು ಓಣಿಗೆಲ್ಲ ಬಿಸಿಬಿಸಿ ಮುಟ್ಟಿಸಬೇಕಾಗಿದ್ದರಿಂದ ಅವಳು ಎದ್ದಳು.

ಮೂರು ಗಂಟೆಯ ಹೊತ್ತಿಗೆ ಬುಟ್ಟಿಯಲ್ಲಿ ಒಂದೇ ಒಂದು ರೊಟ್ಟಿ ಇರಲಿಲ್ಲ. ಅಂಗಳದಲ್ಲಿ ಮಾತ್ರ ಹದಿನೈದು ಹೆಂಗಸರಿದ್ದರು. ಯಂತ್ರ ಸೆರಗು ಎಳೆದುಕೊಳ್ಳುವುದನ್ನು ತೋರಿಸಲು ತಮ್ಮ ತಮ್ಮ ಮಾವಂದಿರನ್ನೂ ಕರೆತಂದಿದ್ದರು. ಪಟಕದ ಮೇಲೆ ಪಟಕ ಬಂದು ಬಾಗಿಲಲ್ಲಿ ಇಣುಕಿ, ಗೌರವ ಸ್ವೀಕರಿಸಿ ಹೋಗುತ್ತಿತ್ತು. ಮೋಟಾರು ಬಿಸಿಯಾಗಿ ಸುಟ್ಟ ವಾಸನೆ ಬರತೊಡಗಿತು.

ಇಪ್ಪತ್ತೆರಡು ವರ್ಷದಲ್ಲಿ ಮಾಡದ್ದನ್ನು ಶಾಂತಾದೇವಿ ಆಗ ಮಾಡಿದಳು. ಎಲ್ಲರ ಮುಖದ ಮೇಲೆ ಅಡುಗೆಮನೆಯ ಬಾಗಿಲು ಹಾಕಿ ಒಳಗಿನಿಂದ ಚಿಲಕ ಜಡಿದಳು. ಹಿತ್ತಲ ಬಾಗಿಲನ್ನೂ ಹಾಕಿದಳು. ಕ್ಯಾಮೆರಾದ ಮುಖವನ್ನು ಪರಾತಕ್ಕೆ ತಿರುಗಿಸಿ, "ಈಗ ಇದಕ್ಕ ಯಾರೂ ಕಾಣಂಗಿಲ್ಲ. ಚಾಲೂ ಮಾಡವಾ," ಎಂದು ಒಳಗೇ ಉಳಿದಿದ್ದ ಮಗಳಿಗೆ ಹೇಳಿದಳು.

ಯಾರೂ ಕಾಣದಿದ್ದಾಗ ಯಂತ್ರ ಬಲು ಚೆಂದಾಗಿ ಕೆಲಸ ಮಾಡಿತು. ತಟ್ ತಟ್ ತಟ್. ಚಂದ್ರನಷ್ಟು ದುಂಡಗೆ, ಅಂಚು ತೆಳ್ಳಗೆ. ಹಂಚಿನ ಮೇಲೆ ಒಂದೊಂದೂ ಉಬ್ಬಿ ಎದ್ದಿತು. ಶಾಂತಾದೇವಿ ಗೋಡೆಗೊರಗಿ ಕುಂತು ಇನ್ನೊಂದು ಕೈ ತನ್ನ ಕೆಲಸ ಮಾಡುವುದನ್ನು ಕಣ್ತುಂಬ ನೋಡಿದಳು. ಹಾಗೆಯೇ ಕಣ್ಣು ಹತ್ತಿತು. ಮಗಳು ಎಬ್ಬಿಸಿದಾಗ ಬುಟ್ಟಿಯಲ್ಲಿ ಮೂವತ್ತೊಂದು ರೊಟ್ಟಿ ಇದ್ದವು.

ಸಂಜೆ ಸೋಮನಿಂಗಪ್ಪ ಮೊದಲ ತುತ್ತು ಮುರಿದು, ಕಣ್ಣು ಮುಚ್ಚಿ ಅಗಿದರು. "ಶಾಂತಾದೇವಿ ಕೈದ ರೊಟ್ಟಿನ. ಫರಕಿಲ್ಲ. ಹೋಗವಾ, ನಾಳಿ ಹೋಗು. ಸುಮ್ನ ಹೋಗಿ ಬಾ."

ಶಾಂತಾದೇವಿ ಚೀಲಕ್ಕೆ ಸೀರೆ ತುಂಬುತ್ತಿರುವಾಗ ಸೃಷ್ಟಿಯ ಫೋನು ರಿಂಗಾಯಿತು. ಅವಳು ಕಳಿಸಿದ್ದ ವಿಡಿಯೋ ನೋಡಿ ವಿದ್ಯಾಪೀಠದ ಅವಳ ಸರ್ ಮಾಡಿದ್ದು. ಮರಾಠಿಯಲ್ಲಿ, ಸ್ಪೀಕರಿನಲ್ಲಿ, ಇಡೀ ಮನೆಗೆ ಕೇಳುವ ಹಾಗೆ. ರೊಟ್ಟಿ ಅದ್ಭುತ, ಆದರೆ ಬಾಗಿಲು ಹಾಕಿದರೆ ಮಾತ್ರ ಬಡಿಯುವ ಯಂತ್ರ ಯಾರಿಗೆ ಬೇಕು? ಜನರ ನಡುವೆಯೂ ಬಡಿಯುವಂತೆ ಹೊಸದಾಗಿ ಕಲಿಸಬೇಕು. ಯಂತ್ರ ತೆಗೆದುಕೊಂಡು ನಾಳೆಯೇ ಹೊರಡು. ಅದಕ್ಕೆ ಕಲಿಸಿದ ಕೈಯೂ ಬೇಕು, ತಾಯಿಯನ್ನು ಕರೆದುಕೊಂಡು ಬಾ. ವಿದ್ಯಾಪೀಠದ ಸಭಾಂಗಣದಲ್ಲಿ ಕೂತು ದಿನಕ್ಕೆ ನೂರು ರೊಟ್ಟಿ, ಹತ್ತು ದಿನ.

ಹಾಲವ್ವ ಬೇಡ ಎನ್ನುತ್ತಾಳೆ ಎಂದು ಶಾಂತಾದೇವಿ ಕಾದಳು. ಜೀವನದಲ್ಲಿ ಮೊದಲ ಸಲ, ಅವಳು ಬೇಡ ಎನ್ನಲಿ ಎಂದು ಕಾದಳು.

"ಹೋಗ್ಲಿ ಬಿಡ್ರಿ," ಎಂದಳು ಹಾಲವ್ವ ನಿರಾಳವಾಗಿ. "ವಿದ್ಯಾಪೀಠದವ್ರು ಕರ್ಯಾಕತ್ತಾರ. ಮನಿ ರೊಟ್ಟಿದೇನ ದೊಡ್ಡದು? ಹತ್ತು ದಿನ ನಾ ಬಡೀತೀನಿ."

"ನಿಮ್ಮ ರಟ್ಟಿರೀ ಅತ್ತಿ..."

"ರಟ್ಟಿಗೇನಾಗೈತಿ? ಚಲೋ ಐತಿ."

"ಕಾರಣ ಇದ್ರ ಬ್ಯಾಡಂತೀವೇನು ನಾವು," ಎಂದು ಸೋಮನಿಂಗಪ್ಪ ಕೈ ತೊಳೆದರು. ಅಲ್ಲಿಯ ಜೋಳ ಹೆಂಗಿರ್ತೈತೋ ಏನೋ ಎಂದು ಶಿವಪುತ್ರ ಇಪ್ಪತ್ತು ಕಿಲೋ ಹಿಟ್ಟಿನ ಚೀಲ ತಂದು ಅವಳ ಸೀರೆಗಳ ಪಕ್ಕ ಇಟ್ಟ.

ಶಾಂತಾದೇವಿ ಹಿತ್ತಲಿಗೆ ಹೋಗಿ ಅಕ್ಕನಿಗೆ ಫೋನು ಹಚ್ಚಿದಳು. ಬರುವುದಾಗುವುದಿಲ್ಲ, ಪುಣೆಗೆ ರೊಟ್ಟಿ ಬಡಿಯಲು ಹೋಗುತ್ತಿದ್ದೇನೆ ಎಂದು ಹೇಳುವಾಗ ದನಿ ನಡುಗಿತು. ಈ ಲೋಕದಲ್ಲಿ ತನ್ನ ದುಃಖ ತಿಳಿಯುವ ಒಂದೇ ಒಂದು ಜೀವವಾದರೂ ಇದೆಯಲ್ಲ ಎಂದು ಕಿವಿಗೊಟ್ಟಳು.

ಆ ಕಡೆ ಅಕ್ಕನ ದನಿಯೂ ನಡುಗಿತು.

"ಹಿಂಗ ಮಾಡಬಾರ್ದಾಗಿತ್ತು ಶಾಂತಾ ನೀ. ಆರು ಕಿಲೋ ಜ್ವಾಳ ಬೀಸಿಸಿಟ್ಟೀನಿ. ತಂಗಿ ಬರ್ತಾಳ, ಎಂಟು ದಿನ ರೊಟ್ಟಿ ಅಕಿನ ಬಡೀತಾಳ, ನಾ ಮಧ್ಯಾಹ್ನ ಒಂದೀಟು ಕಾಲ ಚಾಚ್ತೀನಿ ಅಂತ ಮನ್ಯಾಗ ಎಲ್ಲಾರಿಗೂ ಹೇಳಿಬಿಟ್ಟಿದ್ನಿ."